ಹಿತ್ತಾಳೆ ತೋಟಾಕ್ಕೆ ಮನೆಯ ಎಣ್ಣೆ: ಲೇಖನಕ್ಕೊಂದು ತಿದ್ದುಪಡಿ

ಮಾನ್ಯ ಸಂಪಾದಕರಿಗೆ,

ಸಾದರ ವಂದನೆಗಳು.

ಅಮೆರಿಕದ ಹವ್ಯಾಸಿ ಶೂಟರ್‌ಗಳು ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆ ಕವಚವನ್ನು ಮನೆಯಲ್ಲಿಯೇ ಮತ್ತೆ ಅಳತೆಗೆ ತಂದು ಬಳಸುವ ರೂಢಿಯನ್ನೂ, ಆ ಕೆಲಸಕ್ಕೆ ಅವರು ಅಡುಗೆಮನೆಯಿಂದ, ಔಷಧದ ಕಪಾಟಿನಿಂದ ಎತ್ತಿಕೊಳ್ಳುವ ಎಣ್ಣೆ, ಮೇಣ, ಸೋಪುಗಳನ್ನೂ ಕುರಿತು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕನ್ನಡದಲ್ಲಿ ಇಂಥ ವಿಷಯ ಅಪರೂಪ. ಆದರೆ ‘ಜಾರುವಂಥದ್ದು ಯಾವುದಾದರೂ ಸಾಕು, ಕೊಬ್ಬರಿ ಎಣ್ಣೆಯೂ ಆದೀತು’ ಎಂಬ ಅದರ ಮುಖ್ಯ ಮಾತು ಲೋಹದ ಕೆಲಸ ಬಲ್ಲವರು ಒಪ್ಪುವಂಥದ್ದಲ್ಲ. ಪುಣೆಯ ಭೋಸರಿಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಹಿತ್ತಾಳೆ ಮತ್ತು ಉಕ್ಕಿನ ತಗಡನ್ನು ಎಳೆದು ಬಟ್ಟಲು, ಕೊಳವೆಗಳನ್ನಾಗಿ ಮಾಡುವ ಅಚ್ಚುಗಳ, ಅಂದರೆ ಡೈಗಳ, ನಡುವೆಯೇ ನನ್ನ ನೌಕರಿಯ ಕಾಲವೆಲ್ಲ ಕಳೆದಿರುವುದರಿಂದ ಈ ಬಗ್ಗೆ ನಾಲ್ಕು ಮಾತು ಬರೆಯುವುದು ಕರ್ತವ್ಯವೆನಿಸಿತು.

ಮೊದಲು ಕೆಲಸವೇನೆಂಬುದನ್ನು ನೋಡೋಣ. ತೋಟಾದ ಕವಚವೆಂದರೆ 70 ಪಾಲು ತಾಮ್ರ, 30 ಪಾಲು ಸತುವು ಬೆರೆತ ಹಿತ್ತಾಳೆ. ಗುಂಡು ಹಾರುವ ಗಳಿಗೆಯಲ್ಲಿ, ಪಾಯಿಂಟ್ 308 ವಿಂಚೆಸ್ಟರ್‌ನಂಥ ರೈಫಲ್ ತೋಟಾದೊಳಗೆ, ಚದರ ಇಂಚಿಗೆ 60,000 ಪೌಂಡಿನ ಆಸುಪಾಸಿನ ಒತ್ತಡ ಹುಟ್ಟುತ್ತದೆ. ಆ ಒತ್ತಡಕ್ಕೆ ಕವಚ ಉಬ್ಬಿ, ಬಂದೂಕಿನಲ್ಲಿ ತೋಟಾ ಕೂರುವ ಗೂಡಿನ, ಅಂದರೆ ಚೇಂಬರಿನ, ಗೋಡೆಗೆ ಒತ್ತಿಕೊಳ್ಳುತ್ತದೆ. ಒತ್ತಡ ಇಳಿದ ಮೇಲೆ ತುಸು ಕುಗ್ಗಿ ಸಡಿಲವಾಗುತ್ತದೆಯಾದರೂ ಮೊದಲಿನ ಅಳತೆಗೆ ತಾನಾಗಿ ಮರಳುವುದಿಲ್ಲ. ಅದನ್ನು ಮರಳಿಸಲು ಗಟ್ಟಿ ಉಕ್ಕಿನ ಡೈಯೊಳಗೆ ಕೈಪ್ರೆಸ್ಸಿನಿಂದ ತಳ್ಳಿ, ಮೈಯನ್ನು ಕೆಲವೇ ‘ಥೌ’, ಅಂದರೆ ಇಂಚಿನ ಸಾವಿರದ ಕೆಲವೇ ಪಾಲು, ಕಿರಿದು ಮಾಡಿ, ಮತ್ತೆ ಹೊರಗೆಳೆಯುತ್ತಾರೆ. ಕಿರಿದಾಗುವುದು ಕೂದಲೆಳೆಯಷ್ಟೇ ಆದರೂ ಕವಚದ ಉದ್ದಕ್ಕೂ ಹಿತ್ತಾಳೆ ಉಕ್ಕಿಗೆ ಒತ್ತಿಕೊಂಡು ಉಜ್ಜುವುದರಿಂದ ಇದು ಸಣ್ಣ ಪ್ರಮಾಣದ ‘ಡ್ರಾಯಿಂಗ್’, ಅಂದರೆ ಲೋಹವನ್ನು ಎಳೆದು ರೂಪ ಕೊಡುವ, ಕೆಲಸವೇ ಸರಿ. ನಮ್ಮ ಪ್ರೆಸ್ ಶಾಪಿನ ಕಷ್ಟಗಳೆಲ್ಲವೂ ಅಲ್ಲಿಯೂ ಇವೆ.

ಒಣ ಹಿತ್ತಾಳೆಯನ್ನು ಉಕ್ಕಿನ ಡೈಯೊಳಗೆ ತಳ್ಳಿದರೆ ಏನಾಗುತ್ತದೆಂಬುದನ್ನು ಲೇಖನ ‘ಸಿಕ್ಕಿಕೊಳ್ಳಬಹುದು’ ಎಂಬ ಒಂದೇ ಪದದಲ್ಲಿ ದಾಟಿಸಿದೆ. ಸಿಕ್ಕಿಕೊಂಡ ಕವಚವನ್ನು ಹೊರಗೆಳೆಯಲು ಸನ್ನೆಕೋಲನ್ನು ಬಲವಾಗಿ ಹಿಂದಕ್ಕೆ ತಂದರೆ ಹಿಡಿಕೆಯಲ್ಲಿರುವ ಕವಚದ ಅಂಚು ಹರಿದು ಕೈಗೆ ಬರುತ್ತದೆ, ಮೈಯೆಲ್ಲ ಡೈಯೊಳಗೇ ಉಳಿಯುತ್ತದೆ. ಆಮೇಲೆ ಅದರ ತಳಕ್ಕೆ ಡ್ರಿಲ್ ಹೊಡೆದು, ಟ್ಯಾಪಿನಿಂದ ಎಳೆ ಕೊರೆದು, ಬೋಲ್ಟು ತಿರುಗಿಸಿ ಎಳೆದು ತೆಗೆಯಬೇಕು. ಇದಾದರೂ ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟ ಇದಕ್ಕಿಂತ ಕೆಟ್ಟದ್ದು: ಹಿತ್ತಾಳೆಯ ಸಣ್ಣ ಕಣಗಳು ಡೈಯ ಗೋಡೆಗೆ ಬೆಸೆದಂತೆ ಹತ್ತಿಕೊಳ್ಳುತ್ತವೆ, ಮುಂದೆ ಬರುವ ಪ್ರತಿ ಕವಚದ ಮೈಮೇಲೂ ಉದ್ದನೆಯ ಗೀರು ಎಳೆಯುತ್ತವೆ, ಆ ಕಣಗಳ ಮೇಲೆ ಮತ್ತಷ್ಟು ಹಿತ್ತಾಳೆ ಹತ್ತುತ್ತದೆ. ಟೂಲ್‌ರೂಮಿನಲ್ಲಿ ಇದಕ್ಕೆ ‘ಡೈ ಹಿಡಿದಿದೆ’ ಎನ್ನುತ್ತೇವೆ. ಸಣ್ಣ ಪಾಲಿಶ್ ಪುಡಿಯಿಂದ ಡೈಯ ಒಳಮೈಯನ್ನು ಮತ್ತೆ ಕನ್ನಡಿಯಂತೆ ಮಾಡದ ಹೊರತು ಎಂಥ ಎಣ್ಣೆ ಹಾಕಿದರೂ ಪ್ರಯೋಜನವಿಲ್ಲ.

ಹೀಗಿರುವಾಗ ಯಾವ ಎಣ್ಣೆ ಕೆಲಸಕ್ಕೆ ಬಂದೀತು? ಬೆರಳಿಗೆ ಜಾರುವುದೆಲ್ಲ ಡೈಯೊಳಗೂ ಜಾರುತ್ತದೆಂಬುದು ಸಾಮಾನ್ಯ ತಿಳಿವಳಿಕೆ. ಲೇಖನವೂ ಅದನ್ನೇ ನಂಬಿದಂತಿದೆ. ವೇಗವಾಗಿ ತಿರುಗುವ ಬೇರಿಂಗಿನಲ್ಲಿ ಎಣ್ಣೆ ತಾನೇ ಒಂದು ಪದರವಾಗಿ ಎದ್ದು ಎರಡು ಲೋಹಗಳನ್ನು ದೂರವಿಡುತ್ತದೆ. ಅಲ್ಲಿ ತೆಳು ಎಣ್ಣೆಯೂ ಸಾಕು. ಕೈಪ್ರೆಸ್ಸಿನಲ್ಲಿ ಚಲನೆ ನಿಧಾನ, ಒತ್ತಡ ಅಪಾರ. ಅಲ್ಲಿ ತೆಳು ಖನಿಜ ತೈಲ ಹಿಂಡಿ ಹೊರಬೀಳುತ್ತದೆ, ಲೋಹಕ್ಕೆ ಲೋಹ ತಗುಲುತ್ತದೆ. ಉಳಿಯುವುದು ಲೋಹದ ಮೇಲ್ಮೈಗೆ ರಾಸಾಯನಿಕವಾಗಿ ಅಂಟಿಕೊಂಡ, ಅಣುಗಳಷ್ಟು ತೆಳ್ಳನೆಯ ಪದರ ಮಾತ್ರ. ಕೊಬ್ಬಿನಾಮ್ಲಗಳ, ಮೇಣಗಳ, ಸೋಪುಗಳ ಅಣುಗಳಿಗೆ ಒಂದು ತುದಿಯಲ್ಲಿ ಲೋಹವನ್ನು ಹಿಡಿಯುವ ಗುಣವಿದೆ, ಇನ್ನೊಂದು ತುದಿ ಉದ್ದನೆಯ ಬಾಲ. ಬಾಲಗಳು ಒತ್ತೊತ್ತಾಗಿ ನಿಂತು ಹಿತ್ತಾಳೆಯನ್ನು ಉಕ್ಕಿನಿಂದ ಬೇರ್ಪಡಿಸುತ್ತವೆ. ತುಕ್ಕು ಹಿಡಿದ ಕೀಲಿಗೆ ಸಿಂಪಡಿಸಲು ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯುಡಿ-40 ಈ ಕೆಲಸಕ್ಕೆ ಸೋಲುವುದು ಇದೇ ಕಾರಣಕ್ಕೆ. ಅದು ನೀರನ್ನು ಓಡಿಸಲೆಂದು ಹುಟ್ಟಿದ ದ್ರವ. ಅದರ ಹೆಚ್ಚಿನ ಪಾಲು ಆವಿಯಾಗಿ ಹೋಗುವ ಸಾಲ್ವೆಂಟು. ಲೇಖನದ ಪಟ್ಟಿಯಲ್ಲಿ ಅದರ ಹೆಸರೂ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಅಮೆರಿಕದ ಹವ್ಯಾಸಿಗಳು ವರ್ಷಗಳ ಅನುಭವದಿಂದ ಲ್ಯಾನೊಲಿನ್‌ಗೆ ಬಂದು ನಿಂತಿರುವುದು ಆಕಸ್ಮಿಕವಲ್ಲ. ಕುರಿಯ ಉಣ್ಣೆಯನ್ನು ತೊಳೆದಾಗ ಸಿಗುವ ಈ ಮೇಣ ನಮ್ಮ ಔಷಧದ ಅಂಗಡಿಗಳಲ್ಲಿ ಬಿರಿದ ಚರ್ಮಕ್ಕೆ, ಹಾಲೂಡಿಸುವ ತಾಯಂದಿರಿಗೆ ಕೊಡುವ ಮುಲಾಮಿನಲ್ಲಿದೆ. ಅದನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬೆರೆಸಿ, ಸಿಂಪಡಿಸುತ್ತಾರೆ. ಪ್ರಮಾಣವನ್ನು ಲೇಖನ ತಲೆಕೆಳಗಾಗಿ ಅಚ್ಚು ಹಾಕಿದೆ: ಲ್ಯಾನೊಲಿನ್ ಒಂದು ಪಾಲು, ಆಲ್ಕೊಹಾಲ್ ಹತ್ತರಿಂದ ಹನ್ನೆರಡು ಪಾಲು ಎಂಬುದು ಅಲ್ಲಿನ ರೂಢಿ, ಲೇಖನದಲ್ಲಿರುವಂತೆ ಹತ್ತು ಪಾಲು ಲ್ಯಾನೊಲಿನ್ ಹಾಕಿದರೆ ಸಿಗುವುದು ಮುಲಾಮೇ ಹೊರತು ಸಿಂಪಡಿಸುವ ದ್ರವವಲ್ಲ. ಗಾಯ ಒರೆಸುವ ಶೇಕಡಾ 70ರ ಆಲ್ಕೊಹಾಲು ಇದಕ್ಕೆ ಆಗದು, ಅದರಲ್ಲಿರುವ ನೀರಿನಲ್ಲಿ ಲ್ಯಾನೊಲಿನ್ ಕರಗುವುದಿಲ್ಲ. ಇನ್ನೊಂದು ಎಚ್ಚರಿಕೆಯಂತೂ ಲೇಖನದಲ್ಲಿ ಇಲ್ಲವೇ ಇಲ್ಲ. ಸಿಂಪಡಿಸಿದ ಕೂಡಲೇ ಕವಚವನ್ನು ಡೈಗೆ ಕೊಡಬಾರದು, ಆಲ್ಕೊಹಾಲು ಪೂರ್ತಿ ಆರಬೇಕು. ಒದ್ದೆಯಾಗಿರುವಾಗ ಅಲ್ಲಿರುವುದು ತೆಳು ದ್ರವವಷ್ಟೇ, ಮೇಣದ ಪದರವಿನ್ನೂ ಕಟ್ಟಿರುವುದಿಲ್ಲ. ಮನೆಮದ್ದಿನ ಮೇಲೆ ಬರುವ ದೂರುಗಳಲ್ಲಿ ಬಹುಪಾಲು ಈ ಅವಸರದ ಫಲವೆಂದೇ ನನ್ನ ಅಂದಾಜು. ಆಲ್ಕೊಹಾಲಿನ ಆವಿ ಕೋಣೆಯ ಸಾಮಾನ್ಯ ಉಷ್ಣತೆಯಲ್ಲೇ ಕಿಡಿ ಸೋಕಿದರೆ ಹೊತ್ತಿಕೊಳ್ಳುವಂಥದ್ದಾದ್ದರಿಂದ ‘ಒಲೆಯ ಮೇಲೆ ಬಿಸಿ ಮಾಡಿ’ ಎಂದು ಬರೆದಿರುವುದು ಅಪಾಯಕರ. ಅದನ್ನು ತಾವು ತಿದ್ದಲೇಬೇಕು.

ನಮ್ಮ ಕಡೆಯ ಹರಳೆಣ್ಣೆಯ ಹೆಸರು ಲೇಖನದಲ್ಲಿಲ್ಲದಿರುವುದು ಆಶ್ಚರ್ಯ. ಬಿಜಾಪುರ, ಬಾಗಲಕೋಟೆ ಕಡೆಯಿಂದ ಬಂದ ನನ್ನ ವಯಸ್ಸಿನವರಿಗೆ ಎತ್ತಿನ ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆ ನೆನಪಿರಬೇಕು; ಅದರ ಜೀವಾಳ ಹರಳೆಣ್ಣೆ. ಭಾರ ಹೆಚ್ಚು, ವೇಗ ಕಡಿಮೆ ಇರುವ ಅಚ್ಚಿಗೆ ನಮ್ಮ ಹಿರಿಯರು ಅದನ್ನು ಆರಿಸಿಕೊಂಡಿದ್ದರಲ್ಲಿ ಅರ್ಥವಿದೆ, ಏಕೆಂದರೆ ಅದರ ಮುಖ್ಯ ಕೊಬ್ಬಿನಾಮ್ಲಕ್ಕೆ ಇತರ ಅಡುಗೆ ಎಣ್ಣೆಗಳಲ್ಲಿಲ್ಲದ ಒಂದು ಹೆಚ್ಚುವರಿ ಹಿಡಿತದ ಕೊಂಡಿಯಿದೆ. ಅದೇ ಕೊಂಡಿಯಿಂದಾಗಿ ಅದು ಆಲ್ಕೊಹಾಲಿನಲ್ಲಿಯೂ ಕರಗುತ್ತದೆ. ಬೇರೆ ಖಾದ್ಯತೈಲಗಳಿಗೆ ಆ ಗುಣ ಇಲ್ಲವೆನ್ನುವಷ್ಟು ಕಡಿಮೆ. ಲ್ಯಾನೊಲಿನ್ ಜೊತೆ ಹರಳೆಣ್ಣೆ ಬೆರೆಸುವ ಪಾಕ ಅಮೆರಿಕದಲ್ಲಿಯೂ ಬಳಕೆಯಲ್ಲಿದೆ. ಕೊಬ್ಬರಿ ಎಣ್ಣೆ ತೀರಾ ನಿರುಪಯೋಗಿ ಎಂದು ನಾನು ಹೇಳುವುದಿಲ್ಲ. ಕವಚದ ಕೊರಳನ್ನಷ್ಟೇ ಕಿರಿದು ಮಾಡುವ ಹಗುರ ಕೆಲಸಕ್ಕೆ ಅದು ನಡೆದೀತು. ಆದರೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುವ ಅದು ಪುಣೆಯ ಡಿಸೆಂಬರಿನ ಬೆಳಿಗ್ಗೆ ಗಂಟುಗಂಟಾಗಿ ಕೂರುತ್ತದೆ, ಮೇ ತಿಂಗಳಲ್ಲಿ ನೀರಿನಂತೆ ಹರಿಯುತ್ತದೆ. ಅಗಸೆ ಎಣ್ಣೆಯಂತೂ ಗಾಳಿಗೆ ಒಣಗಿ ಅಂಟಾಗುವ ಜಾತಿಯದು, ಡೈಯೊಳಗೆ ಅರಗಿನಂತೆ ಕೂತುಬಿಡುತ್ತದೆ. ಗೇರ್ ಎಣ್ಣೆ ಹಾಕಬಹುದೇ ಎಂದು ಮೆಕ್ಯಾನಿಕ್ ಮಿತ್ರರು ಕೇಳಿಯಾರು. ಅದಕ್ಕೆ ಸೇರಿಸುವ ಗಂಧಕದ ಸಂಯುಕ್ತಗಳು ಉಕ್ಕಿಗೆ ಒಳ್ಳೆಯವಾದರೂ ತಾಮ್ರ ಬೆರೆತ ಲೋಹವನ್ನು ಕಪ್ಪಾಗಿಸಬಲ್ಲವು. ಸೋಪಿನ ದ್ರಾವಣ ಹಿತ್ತಾಳೆ ಎಳೆಯುವ ಕಾರ್ಖಾನೆಗಳಿಗೆ ಹಳೆಯ ಪರಿಚಯ, ಒಳ್ಳೆಯ ಲೂಬ್ರಿಕೆಂಟ್ ಕೂಡ. ಕೆಲಸ ಮುಗಿದ ಮೇಲೆ ಡೈಯನ್ನು ಒರೆಸಿ ಎಣ್ಣೆ ಹಚ್ಚದಿದ್ದರೆ ಮಾತ್ರ ನಮ್ಮ ಮಳೆಗಾಲದಲ್ಲಿ ಮರುದಿನವೇ ತುಕ್ಕು ಕಾಣುತ್ತದೆ.

ಎಷ್ಟು ಹಚ್ಚಬೇಕೆಂಬ ವಿಷಯದಲ್ಲಿ ‘ಧಾರಾಳವಾಗಿ ಸವರಿ’ ಎಂಬ ಸಲಹೆ ತಪ್ಪು. ರೈಫಲ್ ಕವಚದ ಮೈ ದಪ್ಪ, ಕೊರಳು ಸಣ್ಣದು, ನಡುವೆ ಇಳಿಜಾರಾದ ಹೆಗಲು. ಹೆಗಲಿನ ಮೇಲೆ ಎಣ್ಣೆ ಹೆಚ್ಚಾಗಿ ಡೈಯೊಳಗೆ ಸಿಕ್ಕಿಬಿದ್ದರೆ ಅದಕ್ಕೆ ಹೋಗಲು ದಾರಿಯಿಲ್ಲ. ದ್ರವ ಒತ್ತಿದರೆ ಕುಗ್ಗದು, ಹಿತ್ತಾಳೆಯೇ ಒಳಕ್ಕೆ ಕುಗ್ಗಿ ಹೆಗಲಿನ ಮೇಲೆ ತಗ್ಗು ಬೀಳುತ್ತದೆ. ಗಾಳಿ ಮತ್ತು ಹೆಚ್ಚಾದ ಎಣ್ಣೆ ಹೊರಹೋಗಲೆಂದು ಕೆಲವು ಡೈಗಳಲ್ಲಿ ಸಣ್ಣ ರಂಧ್ರ ಇರುತ್ತದೆ. ಅದು ಕಟ್ಟಿಕೊಂಡರೂ ಇದೇ ಪರಿಣಾಮ. ಬೆರಳ ತುದಿಯಲ್ಲಿ ಸವರಿದ್ದು ಮೈಗೆ ಸಾಕು, ಹೆಗಲಿಗೆ ಬಹುತೇಕ ಬೇಡ. ಕೊರಳಿನ ಒಳಭಾಗಕ್ಕೆ ಮಾತ್ರ ತುಸು ಗಮನ ಬೇಕು: ಕವಚ ಹೊರಬರುವಾಗ ಡೈಯೊಳಗಿನ ಒಂದು ಉಕ್ಕಿನ ಉಂಡೆ ಆ ಕೊರಳಿನ ಮೂಲಕ ಹಾದು ಬಾಯನ್ನು ಸರಿಯಾದ ಅಳತೆಗೆ ಅಗಲಿಸುತ್ತದೆ, ಒಣಗಿದ್ದರೆ ಕೊರಳನ್ನೇ ಎಳೆದು ಉದ್ದ ಮಾಡುತ್ತದೆ. ಅದಕ್ಕೆ ಗ್ರಾಫೈಟ್ ಪುಡಿ ಅಥವಾ ಅಭ್ರಕದ ಪುಡಿಯನ್ನು ಬಳಸುವುದು ವಾಡಿಕೆ. ನೇರ ಮೈಯಿರುವ ಪಿಸ್ತೂಲು ಕವಚಗಳಿಗೆ ಟಂಗ್‌ಸ್ಟನ್ ಕಾರ್ಬೈಡಿನ ಬಳೆ ಕೂರಿಸಿದ ಡೈಗಳಿವೆ. ಹಿತ್ತಾಳೆ ಅದಕ್ಕೆ ಹತ್ತಿಕೊಳ್ಳದ ಕಾರಣ ಯಾವ ಲೇಪವೂ ಬೇಕಿಲ್ಲ.

ಅಳತೆಗೆ ತಂದ ಮೇಲೆ ಲೇಪವನ್ನು ಪೂರ್ತಿ ತೆಗೆಯಬೇಕೆಂಬುದನ್ನು ಲೇಖನ ಹೇಳಿಯೇ ಇಲ್ಲ, ನನಗೆ ಅತ್ಯಂತ ಗಂಭೀರವೆನಿಸಿದ ಕೊರತೆ ಇದು. ಹಾರಿಸುವಾಗ ಕವಚ ಚೇಂಬರಿನ ಗೋಡೆಯನ್ನು ಹಿಡಿದುಕೊಳ್ಳುವುದರಿಂದಲೇ ಚೇಂಬರನ್ನು ಹಿಂದಿನಿಂದ ಮುಚ್ಚುವ ಬಂದೂಕಿನ ಬೋಲ್ಟಿನ ಮೇಲೆ ಬೀಳುವ ತಳ್ಳು ಕಡಿಮೆಯಾಗುತ್ತದೆ. ಕವಚಕ್ಕೆ ಎಣ್ಣೆಯಿದ್ದರೆ ಆ ಹಿಡಿತ ತಪ್ಪಿ ಪೂರ್ತಿ ಹೊರೆ ಬೋಲ್ಟಿಗೆ ಬರುತ್ತದೆ. ಬೇಕೆಂದೇ ಕವಚಕ್ಕೆ ಎಣ್ಣೆ ಅಥವಾ ಮೇಣ ಹಚ್ಚಿಸಿಕೊಳ್ಳುವಂತೆ ರೂಪಿಸಿದ ಆಯುಧಗಳು ಚರಿತ್ರೆಯಲ್ಲಿ ಇವೆ. ಇಟಲಿಯ ಬ್ರೆಡಾ 30 ಎಂಬ ಹಗುರ ಮೆಷಿನ್‌ಗನ್ ಅಂಥದ್ದು. ಎಣ್ಣೆ ಮೆತ್ತಿದ ತೋಟಾಗಳು ಉತ್ತರ ಆಫ್ರಿಕದ ಮರಳನ್ನೆಲ್ಲ ಹೊತ್ತು ಒಳಗೆ ತಂದು ಅದನ್ನು ಪದೇಪದೇ ನಿಲ್ಲಿಸಿದವು. ಸಾಮಾನ್ಯ ರೈಫಲ್ ಅದಕ್ಕಾಗಿ ರೂಪಿಸಿದ್ದಲ್ಲ. ಮದ್ದಿಗಾಗಲಿ, ಅದನ್ನು ಹೊತ್ತಿಸುವ ಪ್ರೈಮರ್‌ಗಾಗಲಿ ಎಣ್ಣೆ ತಗುಲಬಾರದೆಂಬುದೂ ಇದರ ಜೊತೆಗಿನ ನಿಯಮ.

ತೊಳೆಯುವಾಗ ಏನು ಬಳಸಬಾರದೆಂಬುದಕ್ಕೆ ಪಾಠ ದೊರೆತದ್ದು ನಮ್ಮ ದೇಶದಲ್ಲಿಯೇ. ಬ್ರಿಟಿಷ್ ಸೇನೆ ಭಾರತದಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ಹಿತ್ತಾಳೆ ತೋಟಾಗಳು ಯಾರೂ ಮುಟ್ಟದೆಯೇ ಬಿರಿದಿರುತ್ತಿದ್ದವು. ಮಳೆಗಾಲದಲ್ಲಿ ಕಾಣಿಸುತ್ತಿದ್ದುದರಿಂದ ಅದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂಬ ಹೆಸರು ಬಂತು. ಕುದುರೆಯ ಮೂತ್ರದಿಂದೇಳುವ ಅಮೋನಿಯಾ, ಗಾಳಿಯ ತೇವ, ಹಿತ್ತಾಳೆಯನ್ನು ಎಳೆಯುವಾಗ ಅದರೊಳಗೆ ಉಳಿದ ಬಿಗಿತ, ಈ ಮೂರೂ ಸೇರಿ ಬಿರುಕು ಹುಟ್ಟುತ್ತದೆಂಬುದು 1921ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಖಚಿತವಾಯಿತು. ಕವಚವನ್ನು ಹದವಾಗಿ ಕಾಯಿಸಿ ಬಿಗಿತ ಇಳಿಸುವುದೇ ಪರಿಹಾರವೆಂದಾಯಿತು. 1869ರಿಂದ ಮದ್ದುಗುಂಡು ತಯಾರಿಸುತ್ತಿರುವ ಖಡಕಿಯ ಕಾರ್ಖಾನೆ ಇರುವ ಈ ಊರಿನ ಓದುಗರು ಇದನ್ನು ತಿಳಿದಿರುವುದು ಒಳ್ಳೆಯದು. ಆದ್ದರಿಂದ ಕಿಟಕಿ ಗಾಜು ಒರೆಸುವ, ಅಮೋನಿಯಾ ಬೆರೆತ ದ್ರವದಿಂದಲೋ ಅಂಥದೇ ಪಾಲಿಶಿನಿಂದಲೋ ಕವಚವನ್ನು ಹೊಳಪಿಸಿರಿ ಎಂಬ ಲೇಖನದ ಮಾತು ಸರ್ವಥಾ ಸಲ್ಲದು. ಪೂಜೆಯ ಸಾಮಾನು ತಿಕ್ಕುವ ಹುಣಸೆಹಣ್ಣು ಅದಕ್ಕಿಂತ ಎಷ್ಟೋ ಮೇಲು, ಬಹಳ ಹೊತ್ತು ನೆನೆಹಾಕದಿದ್ದರೆ. ಬಿಸಿನೀರು, ಸೋಪು ಸಾಕು.

ಕವಚಕ್ಕೆ ಎಣ್ಣೆ ಸವರುವ ಈ ರೂಢಿಯನ್ನು 1857ರ ಕೊಬ್ಬು ಸವರಿದ ತೋಟಾದ ಕಥೆಗೆ ಲೇಖಕರು ಜೋಡಿಸಿರುವುದೂ ಸರಿಯಲ್ಲ. ಎನ್‌ಫೀಲ್ಡ್ ರೈಫಲಿನ ಆ ತೋಟಾ ಕಾಗದದ್ದು. ಬಾಯಿಯಿಂದ ಕಚ್ಚಿ ಹರಿದು ಮದ್ದು ಸುರಿಯಬೇಕಿತ್ತು, ಕೊಬ್ಬು ಹಚ್ಚುತ್ತಿದ್ದುದು ಗುಂಡು ನಳಿಗೆಯೊಳಗೆ ಸಲೀಸಾಗಿ ಇಳಿಯಲಿ ಎಂದು. ಹಿತ್ತಾಳೆಯ ಕವಚ, ಡೈ, ಮರುಬಳಕೆ ಒಂದೂ ಅಲ್ಲಿಲ್ಲ. ಆ ವರ್ಷವನ್ನು ನೆನೆಯಲೇಬೇಕಿದ್ದರೆ ನಮ್ಮ ಮುಧೋಳ ಸೀಮೆಯ ಹಲಗಲಿಯ ಬೇಡರನ್ನು ನೆನೆಯಬಹುದಿತ್ತು. ಅವರು ತಿರುಗಿಬಿದ್ದದ್ದು ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನಿನ ವಿರುದ್ಧ.

ಕಾನೂನಿನ ಮಾತು ಬಂದದ್ದರಿಂದ ಹೇಳಲೇಬೇಕಾದದ್ದೊಂದಿದೆ. ಅಮೆರಿಕದಲ್ಲಿ ಸ್ವಂತ ಬಳಕೆಗಾಗಿ ತೋಟಾ ತುಂಬಿಕೊಳ್ಳುವುದು ಸಾಮಾನ್ಯ ಹವ್ಯಾಸ. ಇಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಮದ್ದುಗುಂಡು ತಯಾರಿಸಲು ಪ್ರತ್ಯೇಕ ಪರವಾನಗಿ ಬೇಕು. ಬಂದೂಕು ಇಟ್ಟುಕೊಳ್ಳುವ ಪರವಾನಗಿ ಅದಕ್ಕೆ ಸಾಲದು. ಅಷ್ಟೇ ಅಲ್ಲ, ಅದೇ ಕಾಯ್ದೆ ‘ಮದ್ದುಗುಂಡು’ ಎಂಬುದರ ವ್ಯಾಖ್ಯೆಯೊಳಗೆ ಅದರ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರಗಳನ್ನೂ ಸೇರಿಸಿದೆ. ಕೊಡವರಿಗೂ ಕೊಡಗಿನ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ ತಯಾರಿಕೆಗೆ ಅನ್ವಯಿಸುವಂಥದ್ದಲ್ಲ. ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆಯವರು 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲಿನಲ್ಲಿ ಕಂಚು ಗೆದ್ದ ಮೇಲೆ ಪುಣೆಯ ನಮ್ಮ ಕನ್ನಡ ಮನೆಗಳ ಹುಡುಗರೂ ಶೂಟಿಂಗ್ ಕಡೆ ತಿರುಗಿದ್ದಾರೆ. ಅವರ ತಂದೆ ತಾಯಂದಿರಿಗೆ ಒಂದು ನೆಮ್ಮದಿಯ ಸಂಗತಿ: ಆ ಸ್ಪರ್ಧೆಯ ಪಾಯಿಂಟ್ 22 ತೋಟಾದಲ್ಲಿ ಸಿಡಿಯುವ ರಾಸಾಯನಿಕ ಅಂಚಿನೊಳಗೇ ಇರುವುದರಿಂದ ಒಮ್ಮೆ ಹಾರಿಸಿದ ಕವಚವನ್ನು ಮತ್ತೆ ಬಳಸುವ ಪ್ರಶ್ನೆ ಏಳುವುದೇ ಇಲ್ಲ; 10 ಮೀಟರಿನ ಏರ್ ರೈಫಲಿಗೆ ತೋಟಾವೇ ಇಲ್ಲ.

ಲೇಖನವನ್ನು ಹಿಂತೆಗೆದುಕೊಳ್ಳಿ ಎಂದು ನಾನು ಕೇಳುತ್ತಿಲ್ಲ. ಬರುವ ಭಾನುವಾರದ ಸಂಚಿಕೆಯಲ್ಲಿ ಅದೇ ಪುಟದಲ್ಲಿ ತಿದ್ದುಪಡಿಯನ್ನು ಹಾಕಿ, ಅದರಲ್ಲಿ ಕಾನೂನಿನ ಅಂಶವನ್ನು ಮೊದಲಿಗೂ, ಆಲ್ಕೊಹಾಲನ್ನು ಒಲೆಯ ಮೇಲಿಡಬಾರದೆಂಬುದನ್ನೂ ಅಮೋನಿಯಾ ತಾಗಿಸಬಾರದೆಂಬುದನ್ನೂ ಅದರ ಬೆನ್ನಿಗೂ ಅಚ್ಚು ಹಾಕಬೇಕೆಂದು ವಿನಂತಿಸುತ್ತೇನೆ. ಲ್ಯಾನೊಲಿನ್, ಹರಳೆಣ್ಣೆಗಳ ವಿಷಯ ನಮ್ಮ ಭೋಸರಿ, ಚಿಂಚವಾಡದ ಸಣ್ಣ ಪ್ರೆಸ್ ಶಾಪುಗಳಲ್ಲಿ ಹಿತ್ತಾಳೆ ಎಳೆಯುವ ಕನ್ನಡಿಗ ಕೆಲಸಗಾರರಿಗೆ ಉಪಯೋಗಕ್ಕೆ ಬರುವಂಥದ್ದು. ಅದನ್ನು ಅವರಿಗಾಗಿಯೇ ಪ್ರತ್ಯೇಕ ಲೇಖನವಾಗಿ ಬರೆಸುವುದಾದರೆ ಡೈಗಳ ಚಿತ್ರಗಳನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ.

ತಮ್ಮ ವಿಶ್ವಾಸಿ,
ಟೂಲ್‌ರೂಮಿನ ನಿವೃತ್ತ ಮೇಲ್ವಿಚಾರಕ,
ನಿಗಡಿ, ಪುಣೆ